ತೋಟದ ಹಳೇ ಕೊಟ್ಟಿಗೆ ಕೆಡವೋ ಮೊದಲು ಒಂದ್ಸಲ ಒಳಗೆ ನಿಂತು ಮಾಡು (ಚಾವಣಿ) ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ತೋಟ ಇರೋ ಮನೆಗಳಲ್ಲಿ ಕೆಲವು ವರ್ಷದಿಂದ ಒಂದು ಕೆಲಸ ಜೋರಾಗಿ ನಡೀತಿದೆ. ತೋಟದ ತಲೆ ಮೇಲೋ ಅಂಗಳದ ಮೂಲೆಲೋ ಇರೋ ಹಳೇ ಹೆಂಚಿನ ಕೊಟ್ಟಿಗೆಗೆ ಜೆಸಿಬಿ ತರ್ಸಿ ಕೆಡವೋದು, ಅದೇ ಜಾಗದಲ್ಲಿ ನಾಲ್ಕು ಕಬ್ಬಿಣದ ಪೈಪ್ ನಿಲ್ಸಿ ಮೇಲೆ ಬಣ್ಣದ ಶೀಟ್ ಹೊಡ್ಸೋದು. ಹೀಗೆ ಕೆಡವಿದ ಕೊಟ್ಟಿಗೆಗಳ ಮರ ಹಿತ್ಲಲ್ಲಿ ರಾಶಿ ಬಿದ್ದಿದ್ದು ನೋಡಿದೀನಿ, ಬಚ್ಚಲ ಒಲೆಗೆ ಹೋಗ್ತಿರೋ ತುಂಡುಗಳಲ್ಲಿ ಅರ್ಧಕ್ಕರ್ಧ ಮತ್ತಿ, ಹೊನ್ನೆ, ನಂದಿ ಥರದ ಕಾಡುಮರ, ಒಳಗೆ ಚೇಗು (ಮರದ ತಿರುಳು) ಕಲ್ಲಿನ ಹಾಗೆ ಗಟ್ಟಿ ಇರೋವು. ಅದನ್ನ ನೋಡಿ ಹೊಟ್ಟೆ ಉರಿದು ಈ ಪತ್ರ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ಕೊಟ್ಟಿಗೆ ಯಾಕೆ ಹಾಳಾಗ್ತಿದೆ ಅನ್ನೋದು ಎಲ್ರಿಗೂ ಗೊತ್ತಿರೋದೇ. ದನ ಕಮ್ಮಿ ಆದ್ವು, ಬೆಟ್ಟಕ್ಕೆ ಹೋಗಿ ಸೊಪ್ಪು, ದರಕು (ಒಣ ಎಲೆ) ತರೋ ಜನ ಇಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಲಿ ಘಟ್ಟದ ಮೇಲೆ ಒಂದು ಎಕರೆ ಅಡಕೆ ತೋಟಕ್ಕೆ 9 ಎಕರೆ ತನಕ ಸೊಪ್ಪಿನ ಬೆಟ್ಟ, ಅಂದ್ರೆ ತೋಟಕ್ಕೆ ಸೊಪ್ಪು ತರೋಕೆ ಬಿಟ್ಟ ಕಾಡು, ಕೊಟ್ಟಿದ್ದು ಸುಮ್ನೆ ಅಲ್ಲ, ಆ ಬೆಟ್ಟದ ದರಕು ಬಂದು ಬೀಳೋ ಜಾಗ, ದನದ ಕಾಲಡಿ ಗೊಬ್ಬರ ಆಗೋ ಜಾಗ ಇದೇ ಕೊಟ್ಟಿಗೆ. ಈಗ ದನ ಇಲ್ದೇ ಇದ್ರೂ ತೋಟ ಇದೆಯಲ್ಲ, ಔಷಧಿ ಹೊಡೆಯೋ ಪಂಪು, ಗುದ್ದಲಿ ಪಿಕಾಸಿ, ಸ್ಪ್ರಿಂಕ್ಲರ್ ಪೈಪು, ಏಣಿ, ಅಡಕೆ ಹಾಳೆ, ಮೈಲುತುತ್ತದ ಚೀಲ, ಕಟ್ಟಿಗೆ, ಇವಕ್ಕೆಲ್ಲ ಒಂದು ಒಣ ಜಾಗ ಬೇಕೇ ಬೇಕು. ಅಂದ್ರೆ ಕೊಟ್ಟಿಗೆ ಬೇಡ ಅಂತ ಯಾರೂ ಕೆಡವ್ತಿಲ್ಲ, ಸೋರುತ್ತೆ, ರಿಪೇರಿ ಮಾಡೋ ಜನ ಸಿಗಲ್ಲ ಅಂತ ಕೆಡವ್ತಿದಾರೆ. ನಾನು ಹೇಳ್ಬೇಕು ಅಂತಿರೋದು ಇಷ್ಟೇ, ಆ ರಿಪೇರಿಲಿ ಮುಕ್ಕಾಲು ಭಾಗ ಮನೆಯವರೇ ಮಾಡ್ಬಹುದು. ನಾವು ಮಾಡಿದೀವಿ. ನಾನು, ನನ್ನ ಮಗಳು, ಭಾರ ಎತ್ತೋಕೆ ಇದ್ದಾಗ ಪಕ್ಕದ ಮನೆ ಹುಡುಗ್ರು, ಮತ್ತೆ ಈಗ ಮಾಡು ಹತ್ತೋಕಾಗದ ಒಬ್ರು ವಯಸ್ಸಾದ ಮರಗೆಲಸದ ಆಚಾರ್ರು, ಅವ್ರು ಕೆಳಗೆ ಕುರ್ಚಿ ಹಾಕ್ಕೊಂಡು ಕೂತು ಹೀಗಲ್ಲ ಹಾಗೆ ಅಂತ ಹೇಳೋದು, ನಾವು ಮಾಡೋದು. ಊರಲ್ಲಿ ಸುಮಾರು ಜನ "ಎಂತಕ್ಕೆ ಸುಮ್ನೆ ಇದೆಲ್ಲ ಮಾರಾಯ್ತಿ, ಕೆಡಗಿ ಶೀಟ್ ಹಾಕ್ಸಿಬಿಡು" ಅಂದ್ರು. ಈಗ ಅವ್ರೇ ಬಂದು ನೋಡ್ಕೊಂಡು ಹೋಗ್ತಿದಾರೆ, ಹಾಗಾಗಿ ಬರೆಯೋಕೆ ಧೈರ್ಯ ಬಂತು.

ಮೊದಲನೇ ಮಾತು ನೀರಿಂದು. ನಮ್ಮ ಶಿರಸಿಲಿ ವರ್ಷಕ್ಕೆ 2500 ಮಿ.ಮೀ. ಸುತ್ತಮುತ್ತ ಮಳೆ, ಕೆಳಗೆ ಕಾರವಾರ ಅಂಕೋಲಾ ಕಡೆ 3000 ಹತ್ರ ಹೋಗುತ್ತೆ, ಅದ್ರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳೋದು. ಇಷ್ಟು ಮಳೆಲಿ ಒಂದು ಒಡೆದ ಹೆಂಚು ನಾಲ್ಕು ವರ್ಷ ಹಾಗೇ ಬಿಟ್ರೆ ಏನಾಗುತ್ತೆ ನೋಡಿ, ನೀರು ಮೊದಲು ಹೆಂಚು ಕೂರೋ ಅಡ್ಡಪಟ್ಟಿ ಅಂದ್ರೆ ರೀಪಿಗೆ ಬರುತ್ತೆ, ರೀಪಿಂದ ಅದ್ರ ಕೆಳಗಿನ ಇಳಿಜಾರು ಮರ ಪಕಾಸಿಗೆ, ಪಕಾಸಿ ಹಿಡ್ಕೊಂಡು ಇಳಿಜಾರಲ್ಲಿ ಕೆಳಗೆ ಹೋಗಿ ಗೋಡೆ ಮೇಲಿನ ತೊಲೆಗೆ, ಅಲ್ಲಿಂದ ಕಂಬಕ್ಕೆ. ನಾವು ನೋಡೋದು ಕೊನೆಗೆ, ಕಂಬ ಕೊಳೆತು ಮಾಡು ವಾಲಿದ ಮೇಲೆ. ಆಗ ಇಡೀ ಕೊಟ್ಟಿಗೆನೇ ಹೋಯ್ತು ಅನ್ಸುತ್ತೆ, ಆದ್ರೆ ನಿಜವಾಗಿ ಹೋಗಿರೋದು ಆ ಒಂದು ನೀರಿನ ದಾರಿ ಅಷ್ಟೇ, ಅದ್ರ ಆಚೆ ಈಚೆ ಇರೋ ಮರ ಗಟ್ಟಿನೇ ಇರುತ್ತೆ. ಅದಕ್ಕೇ ಮೊದಲು ಆ ದಾರಿ ಹುಡುಕ್ಬೇಕು. ಬೇಸಿಗೆ ಮಧ್ಯಾಹ್ನ ಕೊಟ್ಟಿಗೆ ಬಾಗಿಲು ಹಾಕ್ಕೊಂಡು ಒಳಗೆ ಕತ್ತಲೆಲಿ ನಿಂತು ಮೇಲೆ ನೋಡಿದ್ರೆ ಎಲ್ಲೆಲ್ಲಿ ಬಿಸಿಲು ತೂರಿ ಬರ್ತಿದೆ ಅಂತ ಕಾಣುತ್ತೆ, ಅಲ್ಲಿ ಇದ್ದಿಲಿಂದ ಪಕಾಸಿಗೆ ಗುರುತು ಹಾಕಿ. ಆದ್ರೆ ಬಿಸಿಲು ಕಾಣೋ ಜಾಗ ಎಲ್ಲ ಸೋರೋ ಜಾಗ ಅಲ್ಲ, ಸೋರೋ ಜಾಗದಲ್ಲೆಲ್ಲ ಬಿಸಿಲು ಕಾಣಲ್ಲ, ಹಾಗಾಗಿ ಒಂದು ಒಳ್ಳೆ ಮಳೆ ಬರ್ತಿರೋವಾಗ ಟಾರ್ಚ್ ಹಿಡ್ಕೊಂಡು ಒಳಗೆ ನಿಲ್ಲೋದು ಬಹಳ ಮುಖ್ಯ. ನೀರು ಕೆಳಗೆ ತಟಕ್ಕೋ ಜಾಗದ ನೇರ ಮೇಲೆ ತೂತು ಇರಲ್ಲ, ಅದು ಪಕಾಸಿ ಮೇಲೆ ಜಾರ್ಕೊಂಡು ಬಂದು ಎಲ್ಲೋ ಗಂಟು ಸಿಕ್ಕಲ್ಲಿ ಬೀಳೋದು, ಟಾರ್ಚ್ ಬೆಳಕಲ್ಲಿ ಒದ್ದೆ ಹೊಳೆಯೋ ಗೆರೆ ಹಿಡ್ಕೊಂಡು ಮೇಲ್ಮುಖವಾಗಿ ಹೋದ್ರೆ ಮೂಲ ಸಿಗುತ್ತೆ. ಇದನ್ನ ಹೇಳಿಕೊಟ್ಟಿದ್ದು ಆಚಾರ್ರು, ಯಾವ ಯೂಟ್ಯೂಬ್ ವಿಡಿಯೋದಲ್ಲೂ ನಂಗೆ ಸಿಕ್ಕಿರ್ಲಿಲ್ಲ.

ಆಮೇಲೆ ಮರದ ಪರೀಕ್ಷೆ. ಕಣ್ಣಿಗೆ ಕಂಡಿದ್ದು ನಂಬ್ಬೇಡಿ. ಮೇಲೆ ಒರಲೆ (ಗೆದ್ದಲು) ಹತ್ತಿ ಪುಡಿ ಪುಡಿ ಆಗಿರೋ ಮತ್ತಿ ಕಂಬದಲ್ಲಿ ತಿಂದಿರೋದು ಬರೀ ಹೊರಗಿನ ಬಿಳಿ ಮರ, ಒಳಗಿನ ಚೇಗು ಹಾಗೇ ಇರುತ್ತೆ, ಅದನ್ನ ಬಾಚಿಲಿ ಕೆತ್ತಿ ತೆಗೆದ್ರೆ ಕಂಬ ಸ್ವಲ್ಪ ಸಣ್ಣ ಆಗುತ್ತೆ ಅಷ್ಟೇ, ಗಟ್ಟಿತನಕ್ಕೆ ಏನೂ ಕಮ್ಮಿ ಇಲ್ಲ. ಇನ್ನೊಂದು ಕಡೆ ಹೊರಗೆ ಪೇಂಟ್ ಹೊಡೆದು ಚಂದ ಕಾಣೋ ಪಕಾಸಿ ಒಳಗೆ ಟೊಳ್ಳಾಗಿರುತ್ತೆ. ಒಂದು ಸ್ಕ್ರೂಡ್ರೈವರ್ ತಗೊಂಡು ಚುಚ್ಚಿ ನೋಡಿ, ಸುಲಭವಾಗಿ ಒಳಗೆ ಇಳಿದ್ರೆ ಮರ ಸತ್ತಿದೆ, ನಿಂತ್ರೆ ಬದುಕಿದೆ. ಸುತ್ತಿಗೆ ಹಿಡಿಲಿ ತಟ್ಟಿದ್ರೆ ಟೊಳ್ಳು ಶಬ್ದ ಬೇರೆ ಬರುತ್ತೆ, ನಾಲ್ಕು ಕಡೆ ತಟ್ಟೋವಷ್ಟರಲ್ಲಿ ಕಿವಿಗೆ ಅಭ್ಯಾಸ ಆಗುತ್ತೆ. ವಿಶೇಷವಾಗಿ ನೋಡ್ಬೇಕಾಗಿದ್ದು ಕಂಬದ ಬುಡ, ಪಕಾಸಿ ಗೋಡೆ ಮೇಲೆ ಕೂರೋ ಜಾಗ, ಮತ್ತೆ ಪಕಾಸಿಗಳು ನೆತ್ತಿಲಿ ಸೇರೋ ಜಾಗ.

ನಮ್ಮ ಕೊಟ್ಟಿಗೆಲಿ ಬುಡ ಹೋಗಿದ್ದ ಕಂಬಗಳೇ ದೊಡ್ಡ ಕೆಲಸ ಆಗಿದ್ದು. ಹಳಬ್ರು ಕಂಬಗಳನ್ನ ಕಲ್ಲಿನ ಮೇಲೇ ನಿಲ್ಸಿದ್ರು, ಆದ್ರೆ ವರ್ಷಾನುಗಟ್ಲೆ ಗೊಬ್ಬರ, ಮಣ್ಣು, ದರಕು ಸೇರಿ ನೆಲ ಏರಿ ಕಲ್ಲು ಮುಚ್ಚಿಹೋಗಿ ಮರ ಮಣ್ಣಿಗೆ ತಾಗ್ತಿತ್ತು. ಒರಲೆಗೆ ಬೇಕಾಗಿದ್ದೇ ಅದು, ಒದ್ದೆ ಮಣ್ಣಿಂದ ನೇರ ಮರಕ್ಕೆ ಹತ್ತೋ ದಾರಿ. ಮೊದಲು ಆ ಕಂಬದ ಪಕ್ಕದಲ್ಲಿ ಮೇಲಿನ ತೊಲೆಗೆ ಎರಡು ಕಡೆ ಗಟ್ಟಿ ಮರದ ಆನಿಕೆ ಕೊಟ್ಟು, ಅಡಿಗೆ ದಪ್ಪ ಹಲಗೆ ಇಟ್ಟು, ಹಲಗೆ ಮೇಲೆ ಲಾರಿ ಜಾಕ್ ಇಟ್ಟು ಕೂದಲೆಳೆಯಷ್ಟು ಎತ್ತೋದು. ಕೂದಲೆಳೆ ಅಂದ್ರೆ ಅಷ್ಟೇ, ಕಂಬದ ಮೇಲಿನ ಭಾರ ಬಿಟ್ರೆ ಸಾಕು, ಅದಕ್ಕಿಂತ ಹೆಚ್ಚು ಎತ್ತಿದ್ರೆ ಹೆಂಚೆಲ್ಲ ಜಾರುತ್ತೆ, ಗೋಡೆ ಬಿರುಕು ಬಿಡುತ್ತೆ. ಹೆಂಚು ಇಳಿಸಿ ಮಾಡೋದು ಇನ್ನೂ ಒಳ್ಳೇದು, ಯಾಕಂದ್ರೆ ಹೆಂಚಿನ ಭಾರ ಕಮ್ಮಿ ಅಲ್ಲ, ಒಂದು ಚದರ ಮೀಟರಿಗೆ ಸುಮಾರು 15 ಹೆಂಚು, ಒಂದೊಂದು ಎರಡೂವರೆ ಕೆಜಿ ಹತ್ರ ಅಂದ್ರೂ ಚದರ ಮೀಟರಿಗೆ 35–40 ಕೆಜಿ ಆಯ್ತು, ಸಣ್ಣ ಕೊಟ್ಟಿಗೆ ತಲೆ ಮೇಲೂ ಅರ್ಧ ಟನ್ನಿಗೆ ಮೇಲೆ ಕೂತಿರುತ್ತೆ. ಜಾಕ್ ಕೆಲಸ ಮಾಡೋವಾಗ ಮಕ್ಕಳು ನಾಯಿ ಯಾರೂ ಒಳಗೆ ಇರಬಾರ್ದು. ಭಾರ ಬಿಟ್ಟ ಮೇಲೆ ಕೊಳೆತ ಬುಡ ಕೊಯ್ದು ತೆಗೆದು, ಉಳಿದ ಕಂಬದ ತುದಿಲಿ ಅರ್ಧ ದಪ್ಪ ಕೊಯ್ದು, ಹೊಸ ತುಂಡಿನದ್ದೂ ಅರ್ಧ ದಪ್ಪ ಕೊಯ್ದು, ಒಂದಕ್ಕೊಂದು ಅಪ್ಪೋ ಹಾಗೆ ಕೂರಿಸಿ ಬೋಲ್ಟ್ ಹಾಕೋದು. ಅಪ್ಪೋ ಉದ್ದ ಕಂಬದ ದಪ್ಪದ ಮೂರು ಪಟ್ಟಾದ್ರೂ ಇರ್ಬೇಕು ಅಂತ ಆಚಾರ್ರ ಲೆಕ್ಕ. ಎಲ್ಲ ಬುಡ ಹೋಗಿದ್ರೆ ಹೊಸ ಮರದ ತುಂಡೇ ಬೇಡ, ಕಂಬ ಗಟ್ಟಿ ಇರೋವಲ್ಲಿಗೆ ಕೊಯ್ದು ಅದರ ಕೆಳಗೆ ಎತ್ತರದ ಕಲ್ಲು ಕೂರಿಸಿದ್ರೂ ಆಯ್ತು, ನಾವು ಎರಡು ಕಂಬಕ್ಕೆ ಹಾಗೇ ಮಾಡಿದೀವಿ. ಏನೇ ಮಾಡಿ, ಮರ ನೆಲದಿಂದ ಅರ್ಧ ಅಡಿ ಆದ್ರೂ ಮೇಲಿರ್ಲಿ, ಮತ್ತೆ ಕಲ್ಲಿಗೂ ಮರಕ್ಕೂ ನಡುವೆ ಒಂದು ತಗಡಿನ ತುಂಡು ಹೊರಗೆ ಚಾಚೋ ಹಾಗೆ ಇಟ್ರೆ ಒರಲೆ ಗೂಡು ಕಟ್ಕೊಂಡು ಹತ್ತೋದು ಕಣ್ಣಿಗೆ ಕಾಣುತ್ತೆ, ಕಂಡಾಗ ಒರೆಸಿ ಹಾಕ್ಬಹುದು.

ವಾಲಿದ ಕೊಟ್ಟಿಗೆ ನೆಟ್ಟಗೆ ಮಾಡೋದಕ್ಕೆ ಜನ ಹೆದರ್ತಾರೆ. ಹಗ್ಗ ಅಥವಾ ಚೈನ್ ಬ್ಲಾಕ್ ಹಾಕಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೀಬೇಕು, ಒಂದೇ ದಿನ ಎಳೆದ್ರೆ ಹಳೇ ಕೂಡುಗಳು ಸೀಳುತ್ವೆ. ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳತೆ ಟೇಪ್ ಹಿಡೀರಿ, ಎರಡು ಅಳತೆ ಒಂದೇ ಬಂದ್ರೆ ಕೊಟ್ಟಿಗೆ ಚೌಕ ಆಗಿದೆ ಅಂತ. ಆಮೇಲೆ ಕಂಬಕ್ಕೂ ತೊಲೆಗೂ ಓರೆಯಾಗಿ ಪಟ್ಟಿ ಹೊಡೀದೇ ಬಿಟ್ರೆ ಮುಂದಿನ ಗಾಳಿಗೆ ಮತ್ತೆ ಅಲ್ಲಿಗೇ ಹೋಗುತ್ತೆ, ಓರೆ ಪಟ್ಟಿ ಮರೀಬೇಡಿ.

ಇನ್ನು ಹೆಂಚು. ಇದ್ರ ಬಗ್ಗೆ ಎಷ್ಟು ಬರೆದ್ರೂ ಕಮ್ಮಿ ನಂಗೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹೆಂಚು ಕರಾವಳಿ ಘಟ್ಟ ಎಲ್ಲ ಹಬ್ಬಿದ್ದು, ಅದಕ್ಕಿಂತ ಮುಂಚೆ ನಮ್ಮಲ್ಲಿ ಅಡಕೆ ಸೋಗೆ, ಹುಲ್ಲು, ನಾಡಹೆಂಚು. ಹಳೇ ಹೆಂಚು ಇಳಿಸೋವಾಗ ಹಿಂದೆ ತಿರುಗಿಸಿ ನೋಡಿ, ಕಾರ್ಖಾನೆ ಹೆಸರು ಅಚ್ಚು ಒತ್ತಿರುತ್ತೆ. 1865 ಅಂತ ಇದ್ರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಆ ಹೆಂಚು ಸುಟ್ಟ ವರ್ಷ ಅಲ್ಲ, ಆದ್ರೂ ಹೆಂಚು ಬಹಳ ಹಳೇದೇ ಇರುತ್ತೆ, ಒಲೆಗೆ ಹೋಗೋ ಮರದ ಹಾಗೆ ಅದೂ ರಸ್ತೆ ಗುಂಡಿ ತುಂಬೋಕೆ ಹೋಗೋದು ನೋಡಿದ್ರೆ ಸಂಕಟ ಆಗುತ್ತೆ. ಹಳೇ ಹೆಂಚು ಕೆಟ್ಟಿರಲ್ಲ, ಪಾಚಿ ಹಿಡಿದಿರುತ್ತೆ ಅಷ್ಟೇ. ಪಾಚಿ ನೀರು ಹಿಡ್ಕೊಳ್ಳುತ್ತೆ, ಹೆಂಚಿನ ಅಂಚಿನ ಕಾಲುವೆ ಮುಚ್ಚುತ್ತೆ, ಆಗ ನೀರು ಪಕ್ಕಕ್ಕೆ ಹೊರಳಿ ಒಳಗೆ ಬರುತ್ತೆ. ಇಳಿಸಿ, ಒಂದೆರಡು ದಿನ ಬಿಸಿಲಲ್ಲಿ ಒಣಗಿಸಿ, ತೆಂಗಿನ ನಾರಿನ ಬ್ರಷ್‌ಲಿ ಉಜ್ಜಿ, ವಿಶೇಷವಾಗಿ ಆ ಕಾಲುವೆಗಳನ್ನ. ಆಮೇಲೆ ಬೆರಳ ಗೆಣ್ಣಿಂದ ತಟ್ಟಿ, ಠಣ್ ಅಂದ್ರೆ ಮೇಲೆ ಹೋಗ್ಲಿ, ದಬ್ ಅಂದ್ರೆ ಕಣ್ಣಿಗೆ ಕಾಣದ ಬಿರುಕಿದೆ, ಅದನ್ನ ಹೂವಿನ ಗಿಡದ ಪಾತಿ ಅಂಚಿಗೆ ಹಾಕಿ. ಪೇರಿಸೋವಾಗ ಮಲಗಿಸಿ ಪೇರಿಸ್ಬೇಡಿ, ಅಂಚಿನ ಮೇಲೆ ನಿಲ್ಸಿ.

ಹೊಸ ರೀಪು ಹೊಡೆಯೋವಾಗ ರೀಪಿಂದ ರೀಪಿಗೆ ಎಷ್ಟು ಅಂತರ ಅಂತ ಎಲ್ರೂ ಕೇಳ್ತಾರೆ. ಇಂಚಿನ ಲೆಕ್ಕ ಕೇಳಿ ಹೊಡೀಬೇಡಿ, ನಿಮ್ಮ ಹೆಂಚನ್ನೇ ಎರಡು ಸಾಲು ನೆಲದ ಮೇಲೆ ಕಚ್ಚಿಸಿ ಇಟ್ಟು ಅದ್ರ ಅಂತರ ಅಳೆದು ಆ ಅಳತೆಗೆ ಒಂದು ಕೋಲು ಕೊಯ್ದು ಇಟ್ಕೊಳ್ಳಿ, ಪ್ರತಿ ರೀಪಿಗೂ ಆ ಕೋಲೇ ಅಳತೆ. ಕಾರ್ಖಾನೆಯಿಂದ ಕಾರ್ಖಾನೆಗೆ ಹೆಂಚಿನ ಅಳತೆ ಸ್ವಲ್ಪ ಸ್ವಲ್ಪ ಬೇರೆ, ಒಂದರ ಹಲ್ಲು ಇನ್ನೊಂದಕ್ಕೆ ಕೂರಲ್ಲ, ಹಾಗಾಗಿ ಬೇರೆ ಕಡೆಯಿಂದ ಹಳೇ ಹೆಂಚು ತಂದ್ರೆ ಮಾಡಿನ ಒಂದು ಮಗ್ಗುಲಿಗೆ ಪೂರ್ತಿ ಒಂದೇ ಥರದ್ದು ಹಾಕಿ, ಬೆರಕೆ ಮಾಡ್ಬೇಡಿ. ಕೆಳಗಿನ ಸಾಲಿಂದ ಶುರು ಮಾಡಿ ಮೇಲೆ ಹೋಗೋದು, ಎರಡೂ ಮಗ್ಗುಲು ಒಟ್ಟೊಟ್ಟಿಗೆ ಏರಿಸೋದು, ಒಂದೇ ಕಡೆ ಭಾರ ಹಾಕಿದ್ರೆ ಹಳೇ ಕಟ್ಟು ಓರೆ ಆಗುತ್ತೆ. ಖರ್ಚು ಕಮ್ಮಿ ಮಾಡೋಕೆ ರೀಪಿಗೆ ಅಡಕೆ ಮರ ಸೀಳಿದ ದಬ್ಬೆ ಹಾಕ್ಬಹುದು, ನಮ್ಮ ಹಿರಿಯರು ಹಾಕಿದ್ದೇ ಅದು, ಆದ್ರೆ ಚೆನ್ನಾಗಿ ಬಲಿತ ಮರದ ದಬ್ಬೆ ಆಗ್ಬೇಕು, ಒಳಗಿನ ಮೆತ್ತಗಿನ ಭಾಗ ಪೂರ್ತಿ ಕೆತ್ತಿ ತೆಗೀಬೇಕು, ಆದ್ರೂ ಸಾಗವಾನಿ ರೀಪಿನಷ್ಟು ವರ್ಷ ಬರಲ್ಲ ಅನ್ನೋದು ತಿಳ್ಕೊಂಡೇ ಹಾಕಿ.

ಮಂಗನ ಮಾತು ಬಂದೇ ಬರುತ್ತೆ. ಶೀಟ್ ಹಾಕ್ಸೋರೆಲ್ಲ ಮೊದಲು ಹೇಳೋ ಕಾರಣ ಅದೇ, ಮಂಗ ಹಾರಿ ಹೆಂಚು ಒಡೀತಾವೆ ಅಂತ. ಸುಳ್ಳಲ್ಲ. ಆದ್ರೆ ಮಂಗ ಮಾಡಿನ ಮೇಲೆ ಹಾರೋದು ಹತ್ತಿರದ ಮರದ ಕೊಂಬೆಯಿಂದ, ಮಾಡಿನ ಮೇಲೆ ಚಾಚಿರೋ ಹಲಸು ಮಾವಿನ ಕೊಂಬೆ ಕಡಿದ್ರೆ ಅರ್ಧ ತೊಂದ್ರೆ ಕಮ್ಮಿ, ಎಲೆ ಬಿದ್ದು ಪಾಚಿ ಹಿಡಿಯೋದೂ ಕಮ್ಮಿ. ಉಳಿದಿದ್ದಕ್ಕೆ ಐವತ್ತು ಹೆಂಚು ಒಳಗೆ ಇಟ್ಕೊಂಡು, ಒಡೆದ ವಾರದಲ್ಲೇ ಒಳಗಿಂದ ಕೈ ಹಾಕಿ ಬದಲಾಯಿಸೋದು. ಮೇಲಿನ ಸಾಲಿನ ಹೆಂಚು ಸ್ವಲ್ಪ ಎತ್ತಿ ಹಿಡಿದು ಒಡೆದಿದ್ದು ಜಾರಿಸಿ ತೆಗೆದು ಹೊಸದು ತೂರಿಸೋದು, ಮಾಡು ಹತ್ತೋದೇ ಬೇಡ, ನನ್ನ ಮಗಳು ಈಗ ಸ್ಟೂಲ್ ಮೇಲೆ ನಿಂತು ಮಾಡ್ತಾಳೆ.

ಕಬ್ಬಿಣದ ಶೀಟ್ ಹಾಕ್ಸಿದೋರ ಮೇಲೆ ನಂಗೆ ಸಿಟ್ಟಿಲ್ಲ, ಅನುಕೂಲ ಅವ್ರವ್ರಿಗೆ. ಆದ್ರೆ ಹಗುರ ಇರೋದ್ರಿಂದ ಗಾಳಿ ಕೆಳಗಿಂದ ಎತ್ತುತ್ತೆ ಅನ್ನೋದು ನೆನಪಿರ್ಲಿ, ಹುಕ್ ಬೋಲ್ಟ್ ಸರಿಯಾಗಿ ಹಾಕ್ಸಿ. ಕಾರವಾರ, ಅಂಕೋಲಾ, ಹೊನ್ನಾವರದ ಸಮುದ್ರದ ಹತ್ರ ಇರೋರು ಉಪ್ಪುಗಾಳಿಗೆ ಮಾಮೂಲಿ ಮೊಳೆ ಬೋಲ್ಟ್ ಎಷ್ಟು ಬೇಗ ತುಕ್ಕು ತಿನ್ನುತ್ತೆ ಅಂತ ನಂಗಿಂತ ಚೆನ್ನಾಗಿ ಬಲ್ಲರು, ಸ್ಟೇನ್‌ಲೆಸ್ ಹಾಕಿದ್ರೆ ದುಡ್ಡು ಹೆಚ್ಚಾದ್ರೂ ಮತ್ತೆ ಮತ್ತೆ ಬಿಚ್ಚೋ ಕೆಲಸ ಇಲ್ಲ.

ಸಿಟ್ಟು ಇರೋದು ಹಳೇ ಸಿಮೆಂಟ್ ಶೀಟ್ ವಿಷಯದಲ್ಲಿ. ಎಷ್ಟೋ ಕೊಟ್ಟಿಗೆ, ಬಚ್ಚಲು, ಪಂಪ್‌ಶೆಡ್ ಮೇಲೆ ಬೂದು ಬಣ್ಣದ ಅಲೆ ಅಲೆ ಶೀಟ್ ಇದೆಯಲ್ಲ, ಹಳೇವು ಹೆಚ್ಚಾಗಿ ಕಲ್ನಾರು ಅಂದ್ರೆ ಆಸ್ಬೆಸ್ಟಾಸ್ ಇರೋವು. ಕಲ್ನಾರಿನ ಎಲ್ಲಾ ಬಗೆನೂ ಕ್ಯಾನ್ಸರ್ ತರೋದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲನೇ ಗುಂಪಿಗೆ ಹಾಕಿದೆ. ಅದ್ರ ಧೂಳು ಶ್ವಾಸಕೋಶಕ್ಕೆ ಹೋದ್ರೆ ಕಾಯಿಲೆ ಕಾಣಿಸ್ಕೊಳ್ಳೋಕೆ 20–40 ವರ್ಷ ಆಗ್ಬಹುದು, ಅದಕ್ಕೇ ಯಾರಿಗೂ ಹೆದರಿಕೆ ಇಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಖಾನೆ ಕಾರ್ಮಿಕರ ಆರೋಗ್ಯದ ದಾಖಲೆನ ಕನಿಷ್ಠ 40 ವರ್ಷ ಇಟ್ಕೊಳ್ಬೇಕು ಅಂತ ಹೇಳಿದ್ದು ಇದೇ ಕಾರಣಕ್ಕೆ. ಶೀಟ್ ಸುಮ್ನೆ ಮೇಲೆ ಇದ್ರೆ ಅಷ್ಟು ಅಪಾಯ ಇಲ್ಲ, ಒಡೆದಾಗ, ಕೊಯ್ದಾಗ, ತೂತು ಕೊರೆದಾಗ, ಒಣಗಿದ್ದಾಗ ಬ್ರಷ್ ಹಾಕಿ ಉಜ್ಜಿದಾಗ ಧೂಳು ಏಳೋದು. ನಮ್ಮಲ್ಲಿ ಮಾಡ್ತಿರೋದು ಅದನ್ನೇ, ಹಳೇ ಶೀಟನ್ನ ಸುತ್ತಿಗೆಲಿ ಒಡೆದು ಕೆಳಗೆ ಬೀಳಿಸಿ, ಚೂರುಗಳನ್ನ ದಾರಿಗೆ ಹಾಕೋದು, ಅದ್ರ ಮೇಲೆ ಬೈಕ್ ಓಡಿಸೋದು. ದಯವಿಟ್ಟು ಹಾಗೆ ಮಾಡ್ಬೇಡಿ. ಗಟ್ಟಿ ಇದ್ರೆ ಮುಟ್ಟದೇ ಬಿಡಿ, ತೆಗೀಲೇ ಬೇಕು ಅಂದ್ರೆ ನೀರು ಹೊಡೆದು ಒದ್ದೆ ಮಾಡಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿ, ಒಳ್ಳೆ ಮಾಸ್ಕ್ ಹಾಕ್ಕೊಳ್ಳಿ, ಮೂಗಿಗೆ ಟವೆಲ್ ಕಟ್ಟಿದ್ರೆ ಆ ಧೂಳು ನಿಲ್ಲಲ್ಲ, ದಪ್ಪ ಪ್ಲಾಸ್ಟಿಕ್‌ಲಿ ಸುತ್ತಿಡಿ. ಆ ಶೀಟ್ ಮೇಲೆ ಕಾಲಿಡೋದಂತೂ ಬೇಡವೇ ಬೇಡ, ಹಳೇದಾದ ಶೀಟ್ ಮುರಿದು ಕೆಳಗೆ ಬಿದ್ದು ಸೊಂಟ ಮುರ್ಕೊಂಡೋರು ಊರೂರಲ್ಲಿ ಇದಾರೆ. ಸುತ್ತಿಟ್ಟ ಶೀಟನ್ನ ಕೊನೆಗೆ ಎಲ್ಲಿ ಕೊಡೋದು ಅನ್ನೋದಕ್ಕೆ ಹಳ್ಳಿಲಿ ನಮಗೆ ಜಾಗನೇ ಇಲ್ಲ, ಗ್ರಾಮ ಪಂಚಾಯಿತಿಗಳು ಇದನ್ನ ಯೋಚನೆ ಮಾಡ್ಲೇಬೇಕು.

ಹಳೇ ಬಾಗಿಲು ಕಿಟಕಿ ಪೇಂಟ್ ಕೆರೆಯೋವಾಗಲೂ ಇದೇ ಮಾತು. ನಮ್ಮ ದೇಶದಲ್ಲಿ ಮನೆ ಪೇಂಟಿಗೆ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರ್ದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ, ಅದಕ್ಕಿಂತ ಹಳೇ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ಇದೆ, ಒಣ ಉಪ್ಪುಕಾಗದ ಹಾಕಿ ಉಜ್ಜೋ ಬದ್ಲು ಒದ್ದೆ ಮಾಡಿ ಕೆರೀರಿ, ಸಣ್ಣ ಮಕ್ಕಳನ್ನ ದೂರ ಇಡಿ.

ಮರಕ್ಕೆ ಏನು ಬಳಿಯೋದು ಅಂತ ಕೇಳಿದೋರಿಗೆ ನಾನು ಹೇಳೋದು ಗೇರು ಎಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯೋ ಕಪ್ಪು ಎಣ್ಣೆ, ಕರಾವಳಿಲಿ ದೋಣಿಗೆ ಬಳೀತಿದ್ದಿದ್ದು, ಒರಲೆಗೂ ನೀರಿಗೂ ಒಳ್ಳೇ ತಡೆ. ಆದ್ರೆ ಚರ್ಮಕ್ಕೆ ತಾಗಿದ್ರೆ ಸುಟ್ಟು ಬೊಕ್ಕೆ ಬರುತ್ತೆ, ಕೈಗವಸು ಬೇಕು, ತುಂಬು ತೋಳಿನ ಅಂಗಿ ಬೇಕು, ಮುಖಕ್ಕೆ ಹಾರದ ಹಾಗೆ ನೋಡ್ಕೊಳ್ಬೇಕು. ಬಿದಿರು ದಬ್ಬೆಗೆ ಮಾಡಿನ ಒಳಗೆ ಇರೋದಾದ್ರೆ ಬೋರಿಕ್ ಆಸಿಡ್ ಮತ್ತೆ ಬೋರಾಕ್ಸ್ ನೀರಲ್ಲಿ ನೆನೆಸಿ ಒಣಗಿಸಿದ್ರೆ ಕುಟ್ಟೆ ಹುಳ ಹಿಡಿಯಲ್ಲ, ಮಳೆ ಬಡಿಯೋ ಜಾಗಕ್ಕೆ ಅದು ಆಗಲ್ಲ, ತೊಳೆದು ಹೋಗುತ್ತೆ. ಗಾಡಿಯ ಸುಟ್ಟ ಎಂಜಿನ್ ಆಯಿಲ್ ಬಳಿಯೋ ಅಭ್ಯಾಸ ನಮ್ಮಲ್ಲಿ ಇದೆ, ಪುಕ್ಕಟೆ ಸಿಗುತ್ತೆ ಅಂತ. ಬಾವಿ ಹತ್ರ, ತೋಟದ ಹೊಂಡದ ಹತ್ರ ಇರೋ ಕೊಟ್ಟಿಗೆಗೆ ಅದು ಖಂಡಿತ ಬೇಡ, ಮಳೆಲಿ ಇಳಿದು ನಾವು ಕುಡಿಯೋ ನೀರಿಗೇ ಬರೋದು ಅದು.

ಗೋಡೆ ಚಿರೆಕಲ್ಲಿಂದು (ಜಂಬಿಟ್ಟಿಗೆ) ಆದ್ರೆ ಸಂದಿಗೆ ಸಿಮೆಂಟ್ ತುಂಬ್ಬೇಡಿ. ಚಿರೆಕಲ್ಲು ನೀರು ಕುಡಿಯುತ್ತೆ, ಬಿಸಿಲು ಬಂದಾಗ ಬಿಡುತ್ತೆ, ಸುಣ್ಣದ ಗಾರೆ ಅದಕ್ಕೆ ಬಿಡುತ್ತೆ, ಸಿಮೆಂಟ್ ಬಿಡಲ್ಲ, ಆಗ ಕಲ್ಲೇ ಪುಡಿ ಆಗೋಕೆ ಶುರು. ಅಘನಾಶಿನಿ ಅಳಿವೆ ಕಡೆ ಚಿಪ್ಪಿ ಸುಟ್ಟು ಮಾಡೋ ಸುಣ್ಣ ಸಿಕ್ಕಿದ್ರೆ ಮರಳಿನ ಜೊತೆ ಕಲಸಿ ಅದನ್ನೇ ಹಾಕಿ. ನೆಲದ್ದು ನಿಮ್ಮಿಷ್ಟ, ನಾವು ಮಣ್ಣು ತೆಗೆದು ಹಳೇ ಮಟ್ಟಕ್ಕೆ ತಂದು ಜಂಬಿಟ್ಟಿಗೆ ಹಾಕಿ ಬಡಿದ್ವಿ ಅಷ್ಟೇ. ನೆಲಕ್ಕಿಂತ ಮುಖ್ಯ ಸುತ್ತಲಿನ ಚರಂಡಿ, ಮಾಡಿನ ನೀರು ಬೀಳೋ ಗೆರೆಲಿ ಕಾಲುವೆ ತೋಡಿ ತಗ್ಗಿಗೆ ಬಿಡ್ಲೇಬೇಕು, ಇಲ್ಲಾಂದ್ರೆ ಹನಿ ಸಿಡಿದು ಕಂಬದ ಬುಡ ಮತ್ತೆ ಒದ್ದೆ.

ಈ ಕೆಲಸಕ್ಕೆ ಸರಿಯಾದ ಕಾಲ ಅಡಕೆ ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಿಂದ ಮೇ. ಅದೇ ಕಾಲಕ್ಕೆ ಮಂಗನ ಕಾಯಿಲೆದೂ ಕಾಟ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಕಾಯಿಲೆ, ನಮ್ಮ ಸಿದ್ದಾಪುರ ಕಡೆ ಜನ ಜೀವ ಕಳ್ಕೊಂಡಿದಾರೆ. ಅದನ್ನ ತರೋ ಉಣ್ಣೆ ಹುಳ (ಉಣುಗು) ಇರೋದು ಒಣ ದರಕಲ್ಲೇ, ಕೊಟ್ಟಿಗೆ ಮೂಲೆಲಿ ವರ್ಷಗಟ್ಲೆ ಬಿದ್ದಿರೋ ದರಕಿನ ರಾಶಿ ಎತ್ತೋವಾಗ ಉದ್ದ ತೋಳು, ಗಂಬೂಟು ಹಾಕ್ಕೊಳ್ಳಿ, ಆರೋಗ್ಯ ಇಲಾಖೆಯವ್ರು ಉಣ್ಣೆ ಹತ್ತದ ಹಾಗೆ ತಡೆಯೋ ಡೆಪಾ ಎಣ್ಣೆ ಕೊಡೋ ಊರಾದ್ರೆ ಮೈಗೆ ಹಚ್ಕೊಳ್ಳಿ, ಸಂಜೆ ಬಂದು ಬಿಸಿನೀರು ಸ್ನಾನ ಮಾಡಿ ಬಟ್ಟೆ ಬಿಸಿನೀರಿಗೆ ಹಾಕಿ, ಜ್ವರ ಬಂದ್ರೆ ಡಾಕ್ಟ್ರಿಗೆ ದರಕು ಎತ್ತಿದ್ದೆ ಅಂತ ಹೇಳಿ. ಇಲಿ ಹಿಕ್ಕೆ ಇರೋ ಜಾಗ ಒಣದಾಗಿ ಗುಡಿಸ್ಬೇಡಿ, ನೀರು ಚಿಮುಕಿಸಿ ಗುಡಿಸಿ, ಕೈ ಕಾಲಿಗೆ ಗಾಯ ಇದ್ರೆ ಇಲಿ ಜ್ವರದ ಭಯ ಇದೆ. ಹೆಂಚಿನ ರಾಶಿ, ಕಟ್ಟಿಗೆ ರಾಶಿ ಕೆಳಗೆ ಕೊಳಕುಮಂಡಲ ಇರೋದು ಸಾಮಾನ್ಯ, ಬರಿಗೈ ಹಾಕ್ಬೇಡಿ, ಕೋಲಿಂದ ಅಲ್ಲಾಡಿಸಿ ಎತ್ತಿ. ಕಚ್ಚಿದ್ರೆ ಕಟ್ಟು ಕಟ್ಟೋದು ಕೊಯ್ಯೋದು ಬಿಟ್ಟು ನೇರ ಆಸ್ಪತ್ರೆ.

ಮನೆಯವ್ರೇ ಮಾಡಬಾರ್ದ ಕೆಲಸನೂ ಇದೆ. ಕರೆಂಟ್ ವೈರಿಂಗ್ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ಗೇ ಬಿಡಿ, ಒದ್ದೆ ನೆಲದ ಕೊಟ್ಟಿಗೆಲಿ ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ 30 ಮಿಲಿ ಆಂಪಿಯರಿನ ಟ್ರಿಪ್ ಸ್ವಿಚ್ (ಆರ್‌ಸಿಸಿಬಿ) ಇರ್ಲೇಬೇಕು. ನೆತ್ತಿ ತೊಲೆನೇ ಸೀಳಿದ್ರೆ, ಗೋಡೆ ಹೊರಗೆ ಉಬ್ಬಿದ್ರೆ ಅನುಭವ ಇರೋ ಆಚಾರ್ರು, ಗಾರೆಯವ್ರು ನಿಂತೇ ಮಾಡ್ಬೇಕು.

ಮರದ ವಿಷಯ ಒಂದು ಮಾತು. ಸ್ವಂತ ಜಾಗದಲ್ಲಿ ಬೆಳೆದಿದ್ದಾದ್ರೂ ಸಾಗವಾನಿ ಕಡಿಯೋಕೆ ಅರಣ್ಯ ಇಲಾಖೆ ಪರವಾನಗಿ ಬೇಕು, ಬೆಟ್ಟದ ಮರ ಅಂತೂ ಮುಟ್ಟೋ ಹಾಗಿಲ್ಲ, ಡಿಪೋದಲ್ಲಿ ಹೊಸ ಮರದ ರೇಟ್ ಕೇಳಿದ್ರೆ ತಲೆ ತಿರುಗುತ್ತೆ. ಹೀಗಿರೋವಾಗ ಕಾಡಿಂದ ನೂರು ವರ್ಷದ ಹಿಂದೆ ಬಂದು ನಮ್ಮ ತಲೆ ಮೇಲೇ ಒಣಗಿ ಹದ ಆಗಿರೋ ಮತ್ತಿ ಹೊನ್ನೆನ ಒಲೆಗೆ ಹಾಕೋದು ಎಂಥ ನಷ್ಟ ನೀವೇ ಯೋಚನೆ ಮಾಡಿ. ಹೊಸ ಶೆಡ್ಡಿಗೆ ನಮಗೆ ಹೇಳಿದ ರೇಟಿನ ಮೂರನೇ ಒಂದು ಭಾಗದೊಳಗೆ ನಮ್ಮ ಕೊಟ್ಟಿಗೆ ಮುಗೀತು, ಅದ್ರಲ್ಲೂ ಹೆಚ್ಚು ಹೋಗಿದ್ದು ರೀಪಿಗೆ ಮತ್ತೆ ಬೋಲ್ಟಿಗೆ.

ಇದಕ್ಕೆಲ್ಲ ಯಾರಾದ್ರೂ ಸ್ವಲ್ಪ ಕೈ ಜೋಡಿಸಿದ್ರೆ ಸುಮಾರು ಮನೆಗಳಿಗೆ ಅನುಕೂಲ ಆಗುತ್ತೆ. ಉದ್ಯೋಗ ಖಾತ್ರಿಲಿ ಹೊಸ ದನದ ಕೊಟ್ಟಿಗೆ ಕಟ್ಟಿದೋರು ನಮ್ಮೂರಲ್ಲೇ ಇದಾರೆ, ಇದ್ದ ಕೊಟ್ಟಿಗೆ ರಿಪೇರಿಗೆ ಹಣ ಸಿಕ್ಕಿದೋರನ್ನ ನಾನು ನೋಡಿಲ್ಲ, ಸರ್ಕಾರ ರಿಪೇರಿಗೂ ಕೊಡ್ಲಿ, ಹೊಸದಕ್ಕಿಂತ ಕಮ್ಮಿ ದುಡ್ಡಲ್ಲಿ ಆಗುತ್ತೆ. ಪಂಚಾಯಿತಿಗಳು ಊರ ಹೊರಗೆ ಒಂದು ಜಾಗ ಗುರುತು ಮಾಡಿ ಕೆಡವಿದ ಮನೆಗಳ ಹೆಂಚು, ಪಕಾಸಿ ಅಲ್ಲಿ ಇಡೋ ವ್ಯವಸ್ಥೆ ಮಾಡ್ಲಿ, ಬೇಕಾದೋರು ಬೆಲೆ ಕೊಟ್ಟು ಒಯ್ಯಲಿ, ಈಗ ಹತ್ತು ಹೆಂಚಿಗೆ ನಾವು ಊರೂರು ಫೋನ್ ಮಾಡ್ಬೇಕು. ಶಿರಸಿಲಿ ಅರಣ್ಯ ಕಾಲೇಜು ಇದೆ, ಐಟಿಐ ಇದೆ, ಬೇಸಿಗೆಲಿ ವಾರದ ಒಂದು ತರಬೇತಿ ಇಡ್ಲಿ, ಮರದ ಗುರುತು, ಒರಲೆ ತಡೆಯೋದು, ಕೂಡು ಹಾಕೋದು, ಹೆಂಚು ಹೊದೆಸೋದು ಇಷ್ಟೇ ಸಾಕು, ಹೆಂಗಸ್ರಿಗೂ ಸೀಟ್ ಇರ್ಲಿ, ನಾನಂತೂ ಮೊದಲು ಹೆಸ್ರು ಕೊಡ್ತೀನಿ. ಕಲಿಸೋಕೆ ಊರೂರಲ್ಲಿ ಹಳೇ ಆಚಾರ್ರು ಇದಾರೆ, ಅವ್ರನ್ನ ಗೌರವದಿಂದ ಕರೆಸಿ ಸಂಭಾವನೆ ಕೊಟ್ಟು ಕೂರಿಸಿ, ಅವ್ರಲ್ಲಿ ಎಷ್ಟೋ ಜನರ ಮಕ್ಕಳು ಈ ಕೆಲಸ ಹಿಡಿದಿಲ್ಲ.

ಸಂಪಾದಕರೇ, ನಿಮ್ಮ ಹತ್ರಾನೂ ಒಂದು ಕೋರಿಕೆ. ಫೆಬ್ರವರಿಯಿಂದ ಮೇ ತನಕ ವಾರಕ್ಕೊಂದು ಸಲ ಕಾಲು ಪುಟ ಇಂಥ ರಿಪೇರಿ ವಿಷಯಕ್ಕೆ ಬಿಡಿ. ಓದುಗ್ರು ತಮ್ಮ ಕೊಟ್ಟಿಗೆ, ಕಟ್ಟಿಗೆ ಮನೆ, ಪಂಪ್‌ಶೆಡ್ ಫೋಟೋ ಕಳಿಸ್ಲಿ, ಗೊತ್ತಿರೋ ಆಚಾರ್ರು ಗಾರೆಯವ್ರು ಉತ್ತರ ಹೇಳ್ಲಿ. ನಮ್ಮ ಆಚಾರ್ರನ್ನ ಕೇಳಿದೆ, "ಬರೆಯೋಕೆ ನಂಗೆ ಬರಲ್ಲ ಅಮ್ಮಾ, ನಾನು ಹೇಳ್ತೆ, ನೀವು ಬರ್ಕೊಳ್ಳಿ" ಅಂದ್ರು. ನಾನು ಬರ್ಕೊಂಡು ಕಳಿಸೋಕೆ ತಯಾರಿದೀನಿ, ಮೊದಲನೇದು ಕಂಬದ ಬುಡದ ಬಗ್ಗೆ, ಫೋಟೋ ಸಮೇತ.

ಇಂತಿ ನಿಮ್ಮ ಓದುಗಳು,
ಶಿರಸಿ ತಾಲೂಕು